ಊದದೆ ಬಿಟ್ಟ ಕುರ್ಚಿ

ಹಿಮ ಬೀಳಬೇಕಾದ ಕಾಲದಲ್ಲಿ ಮಳೆ ಹಿಡಿದಿತ್ತು. ಕ್ರಿಸ್‌ಮಸ್ಸಿಗೆ ಮೂರೋ ನಾಲ್ಕೋ ದಿನ ಉಳಿದಿದ್ದವು. ಡೆಟ್ರಾಯಿಟ್ ನದಿಯ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ತಂದು ವಲಸೆ ಬಂದ ನಮ್ಮವರ ಚರ್ಚಿನ ನೆಲಮಾಳಿಗೆಯ ಕಿಟಕಿಗಳಿಗೆ ಎರಚುತ್ತಿತ್ತು. ಒಳಗೆ ನಾವು ಎಂಟು ಹತ್ತು ಜನ ಉದ್ದನೆಯ ಮೇಜಿನ ಸುತ್ತ ಕೂತು ಹಬ್ಬದ ಕಡುಬು ಮಡಿಸುತ್ತಿದ್ದೆವು. ಆಲೂಗಡ್ಡೆ ಹೂರಣದ್ದು ಒಂದು ತಟ್ಟೆಗೆ, ಹುಳಿ ಎಲೆಕೋಸು ಮತ್ತು ಅಣಬೆಯದು ಇನ್ನೊಂದು ತಟ್ಟೆಗೆ.

ಸಾಮಾನ್ಯವಾಗಿ ಆ ಮೇಜಿಗೆ ಗಂಡಸರನ್ನು ಸೇರಿಸುವುದಿಲ್ಲ. ನಮ್ಮ ಕೈಯಲ್ಲಿ ಅಂಚು ಬಿಗಿಯುವುದಿಲ್ಲ, ಕುದಿಯುವ ನೀರಿಗೆ ಬಿದ್ದ ಕೂಡಲೇ ಕಡುಬು ಬಾಯಿ ಬಿಡುತ್ತದೆ ಎಂಬುದು ಹೆಂಗಸರ ಆರೋಪ. ಆದರೆ ಆ ವರ್ಷದ ಬೇಸಿಗೆಯಲ್ಲಿ ನನ್ನ ತಾಯಿ ತೀರಿಕೊಂಡಿದ್ದಳು. ಉಕ್ಕಿನ ಕಾರ್ಖಾನೆಯಿಂದ ಬಂದು ಖಾಲಿ ಮನೆಯ ಬೀಗ ತೆಗೆಯಲು ಮನಸ್ಸಾಗದೆ ನಾನು ಬೀದಿ ಸುತ್ತುವುದನ್ನು ಅಮ್ಮನ ಗೆಳತಿ ಗೆನ್ಯಾ ನೋಡಿದ್ದಳು. "ಲೆಶೆಕ್, ಬಾರೋ ಇಲ್ಲಿ. ನಲವತ್ತು ವರ್ಷದ ಗಂಡಸು ಹೀಗೆ ದಾರಿ ತಪ್ಪಿದ ಕರು ಥರ ನಿಲ್ಲೋದಾ? ನಿಮ್ಮಮ್ಮನ ಜಾಗ ಖಾಲಿ ಇದೆ, ಕೂತ್ಕೋ" ಎಂದು ಎಳೆದು ಕೂರಿಸಿದ್ದಳು.

ಮೇಜಿನ ತುದಿಯಲ್ಲಿ ರೊಜಾಲಿಯಾ ಅಜ್ಜಿ ಇದ್ದಳು. ಎಂಬತ್ತು ದಾಟಿದರೂ ಅವಳ ಬೆರಳಿನಷ್ಟು ಚುರುಕು ಅಲ್ಲಿ ಯಾರದೂ ಇರಲಿಲ್ಲ. ಪಾನನಿಷೇಧದ ಕಾಲದಲ್ಲಿ ನದಿಯ ಈ ದಡವನ್ನೆಲ್ಲ ಆಳಿದ ಕಳ್ಳಸಾಗಣೆಯ ನಾಯಕ ವಿತ್ಸೆಕ್ ಗ್ರಾಬಿಯೆತ್ಸನ ಹೆಂಡತಿ ಅವಳು. ವಿಧವೆ ಎನ್ನಬೇಕೋ ಬೇಡವೋ ಎಂಬುದು ಮಾತ್ರ ಊರಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

"ಅಜ್ಜಿ, ಮೊನ್ನೆ ನಿಮ್ಮನೆಗೆ ಟಿವಿಯವನು ಬಂದಿದ್ನಂತೆ?" ಎಂದಳು ಗೆನ್ಯಾ.

"ಬಂದಿದ್ದ. ಹಲ್ಲು ಕಿರ್ಕೊಂಡು ಬಂದ, ಲಟ್ಟಣಿಗೆ ತೋರಿಸ್ದೆ, ಬಾಯಿ ಮುಚ್ಕೊಂಡು ಹೋದ." ಅಜ್ಜಿ ತಲೆ ಎತ್ತಲಿಲ್ಲ. "ಗೋರಿ ಅಗೀಬೇಕಂತೆ. ಎಲುಬು ಪರೀಕ್ಷೆ ಮಾಡಿದ್ರೆ ಒಳಗಿರೋದು ವಿತ್ಸೆಕ್ ಹೌದೋ ಅಲ್ವೋ ಗೊತ್ತಾಗುತ್ತಂತೆ, ಅದಕ್ಕೆ ನನ್ನ ಒಪ್ಪಿಗೆ ಬೇಕಂತೆ. ಅಲ್ಲ ಕಣ್ರೇ, ಒಳಗಿರೋದು ಯಾರು ಅಂತ ತಿಳ್ಕೊಳ್ಳೋಕೆ ಮಣ್ಣು ಯಾಕೆ ಅಗೀಬೇಕು?"

"ಹಾಗಾದ್ರೆ ನಿಮಗೆ ಗೊತ್ತಾ?"

ಅಷ್ಟರಲ್ಲಿ ಕರೆಂಟು ಹೋಯಿತು. ಯಾರೋ ಶಿಲುಬೆ ಗುರುತು ಹಾಕಿಕೊಂಡರು, ಯಾರೋ ಕರೆಂಟಿನವರ ಏಳು ತಲೆಮಾರಿಗೆ ಬೈದರು. ಒಲೆಯ ನೀಲಿ ಉರಿ ಒಂದೇ ಉಳಿಯಿತು. ಗೆನ್ಯಾ ಮೇಲೆ ಹೋಗಿ ದೇವರ ಮುಂದಿನ ಮೇಣದ ಬತ್ತಿಗಳನ್ನೇ ತಂದು ಹಚ್ಚಿ, ಮತ್ತೆ ಕೂರುವ ಮುಂಚೆ ಬೆಂಚಿನ ಮೇಲೆ ತಮಾಷೆಗೆ ಉಫ್ ಎಂದು ಊದಿದಳು. ಎಲ್ಲರೂ ನಕ್ಕರು. ಅಜ್ಜಿಯೊಬ್ಬಳೇ ನಗಲಿಲ್ಲ.

"ಗೊತ್ತು," ಎಂದಳು. ಹೊರಗೆ ಮಳೆ ಇನ್ನಷ್ಟು ಜೋರಾಯಿತು. ನಾವೆಲ್ಲ ಬೆಂಚು ಎಳೆದುಕೊಂಡು ಅವಳ ಹತ್ತಿರ ಸರಿದೆವು. ಕೈ ನಿಲ್ಲಿಸದೆಯೇ ಅವಳು ಹೇಳತೊಡಗಿದಳು.

*

ಊದಿದೆಯಲ್ಲ ಗೆನ್ಯಾ, ಯಾಕೆ ಊದ್ತಾರೆ ಅಂತ ಗೊತ್ತೇನೇ ನಿನಗೆ? ಹಬ್ಬದ ಹಿಂದಿನ ಸಂಜೆ ನಮ್ಮ ಮನೆಗಳಿಗೆ ಸತ್ತೋರು ಬರ್ತಾರೆ. ಬಂದು ಎಲ್ಲಿ ಖಾಲಿ ಇದ್ಯೋ ಅಲ್ಲಿ ಕೂತ್ಕೊಂಡಿರ್ತಾರೆ, ನಮ್ಮ ಕಣ್ಣಿಗೆ ಕಾಣಲ್ಲ. ನೋಡ್ದೆ ಅವರ ಮೇಲೆ ಕೂತ್ಬಿಟ್ರೆ? ಅದಕ್ಕೆ ಕೂರೋ ಮುಂಚೆ ಮೆಲ್ಲಗೆ ಊದೋದು, ಸ್ವಲ್ಪ ಸರ್ಕೊಳ್ಳಿ ಅಂತ. ಮತ್ತೆ ಮೇಜಿಗೆ ಒಂದು ತಟ್ಟೆ ಹೆಚ್ಚಿಗೆ ಇಡ್ತೀವಲ್ಲ, ಅದು ಬದುಕಿರೋರಿಗೆ... ದಾರೀಲಿ ಹೋಗೋ ಅತಿಥಿಗೆ, ಕರೀದೆ ಬಂದೋರಿಗೆ. ಸತ್ತೋರಿಗೆ ಉಸಿರು, ಬದುಕಿರೋರಿಗೆ ತಟ್ಟೆ. ಇದಿಷ್ಟು ನೆನಪಿಟ್ಕೊಳ್ಳಿ, ಆಮೇಲೆ ನನ್ನನ್ನ ಕೇಳ್ಬೇಡಿ.

ಆ ಕಾಲದಲ್ಲಿ ಸರ್ಕಾರ ಕುಡಿಯೋದೇ ಅಪರಾಧ ಅಂತ ಕಾನೂನು ಮಾಡಿತ್ತು, ಆದ್ರೆ ಗಂಟಲಿಗೆ ಕಾನೂನು ಓದೋಕೆ ಬರುತ್ತಾ? ನದಿ ಆಚೆ ಕೆನಡಾ, ಅಲ್ಲಿ ಪೀಪಾಯಿಗಟ್ಲೆ ವಿಸ್ಕಿ. ಈಚೆ ನಾವು, ಬಾಯಿ ಒಣಗಿಸ್ಕೊಂಡು. ಬೇಸಿಗೇಲಿ ದೋಣಿ, ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದ ಮೇಲೆ ಡಕೋಟಾ ಕಾರುಗಳು. ಹಬ್ಬ ಮುಗಿದು ಜನ ಬೀದಿಗೆ ಬಿಸಾಕಿದ ಕ್ರಿಸ್‌ಮಸ್ ಮರ ಇರ್ತಿತ್ತಲ್ಲ, ಅದನ್ನೇ ಹೊತ್ಕೊಂಡು ಹೋಗಿ ಮಂಜುಗಡ್ಡೆ ಮೇಲೆ ಸಾಲಾಗಿ ನೆಟ್ಟು ದಾರಿ ಗುರುತು ಮಾಡೋರು. ಕಾರಿನ ಬಾಗಿಲು ಕಿತ್ತು ಹಾಕೋರು, ಗಡ್ಡೆ ಬಿರಿದ್ರೆ ಹಾರ್ಕೊಳ್ಳೋಕೆ. ಇನ್ನೊಂದು ನೇಮ ಇತ್ತು... ನದಿ ಮೇಲಿರೋವಾಗ ಕೋಟಿನ ಗುಂಡಿ ಹಾಕ್ಬಾರ್ದು. ಎಂಥಾ ಚಳಿ ಇರ್ಲಿ, ಹಾಕ್ಬಾರ್ದು. ನೀರಿಗೆ ಬಿದ್ರೆ ಉಣ್ಣೆ ಕೋಟು ಕಲ್ಲಾಗಿಬಿಡುತ್ತೆ, ಬೆರಳು ಮರಗಟ್ಟುತ್ತೆ, ಗುಂಡಿ ಬಿಚ್ಚೋಕಾಗಲ್ಲ. ಬಿಚ್ಚಿದ್ದ ಕೋಟಾದ್ರೆ ಭುಜ ಕೊಡವಿ ಅದನ್ನ ನದಿಗೆ ಕೊಟ್ಟು ನೀವು ಮೇಲೆ ಬರ್ಬಹುದು. ತನ್ನ ಕಡೆಯೋರು ಯಾರಾದ್ರೂ ಗುಂಡಿ ಹಾಕಿದ್ದು ಕಂಡ್ರೆ ವಿತ್ಸೆಕ್ ಕೆನ್ನೆಗೊಂದು ಬಾರಿಸಿ, ಗುಂಡೀನೇ ಕಿತ್ತು ಎಸೀತಿದ್ದ.

ಅವನು ಎಂಥೋನಾಗಿದ್ದ ಅಂತೀರಾ? ಅದಕ್ಕೂ ಊರು ಇವತ್ತಿಗೂ ಜಗಳ ಆಡುತ್ತೆ. ಚಳಿಗಾಲದಲ್ಲಿ ಬಡವರ ಮನೆ ಮುಂದೆ ಇದ್ದಿಲ ಮೂಟೆ ಇಳಿಸಿ ಹೋಗ್ತಿದ್ದ, ದೇವರಂಥೋನು ಅನ್ನೋರು ಇದ್ರು. ಎದುರು ಗುಂಪಿನೋರನ್ನ ಜೀವಂತ ನದಿಗೆ ಇಳಿಸಿದ ರಾಕ್ಷಸ ಅನ್ನೋರೂ ಇದ್ರು. ನಾನೇ ಕೇಳಿದ್ದೆ ಒಂದ್ಸಲ. "ಸಾರು ಆರಿಹೋಗುತ್ತೆ, ಕುಡಿ" ಅಂದ. ನನಗೆ ಗೊತ್ತಿದ್ದ ವಿತ್ಸೆಕ್ ಬೇರೆ ಕಣ್ರಪ್ಪ. ಮನೆಗೆ ಬಂದು ಬೂಟು ಬಿಚ್ಚಿ, ಮಂಜಿನ ಥರ ಇರೋ ಕಾಲನ್ನ ಊಟದ ಮೇಜಿನ ಕೆಳಗಿಂದ ತಂದು ನನ್ನ ಕಾಲಿಗೆ ಅಂಟಿಸೋನು. ನಾನು ಕಿರುಚ್ತಿದ್ದೆ, ಅವನು ನಗ್ತಿದ್ದ. ಊರೆಲ್ಲ ಹೆದರೋ ಮನುಷ್ಯ ಕಾಲು ಬಿಸಿ ಮಾಡ್ಕೊಳ್ಳೋಕೆ ನನ್ನ ಹತ್ರ ಬರ್ತಿದ್ದ. ನನಗೆ ಆಗ ಇಪ್ಪತ್ತೆರಡು. ಇನ್ನೇನು ಬೇಕಿತ್ತು ಹೇಳಿ?

ಆ ಸಲ ಫೆಬ್ರವರಿ ಕೊನೇಲಿ ಹೋದ, ಕೊನೇ ಸುತ್ತು ಅಂತ. ಗಡ್ಡೆ ಕರಗೋಕೆ ಶುರುವಾಗಿತ್ತು, ಹೋಗ್ಬೇಡ ಅಂತ ಎಲ್ಲರೂ ಹೇಳಿದ್ರು, ಅವನು ಯಾರ ಮಾತು ಕೇಳಿದ್ದ? ನಾನು ಅಡಿಗೆಮನೆ ಕಿಟಕೀಲಿ ದೀಪ ಇಟ್ಟಿದ್ದೆ, ನದಿಗೆ ಕಾಣೋ ಹಾಗೆ. ಯಾವಾಗ್ಲೂ ಇಡ್ತಿದ್ದೆ. ದೀಪದ ಎಣ್ಣೆ ಮುಗೀತು, ಬೆಳಗಾಯ್ತು... ಅವನು ಬರ್ಲಿಲ್ಲ.

ಏಪ್ರಿಲ್‌ನಲ್ಲಿ ಕೆಳದಡದಲ್ಲಿ ಒಂದು ಹೆಣ ಸಿಕ್ತು. ಮುಖ ಅನ್ನೋದು ಉಳಿದಿರ್ಲಿಲ್ಲ, ಅದನ್ನ ಹೇಳೋದು ಬೇಡ, ಕಡುಬು ತಿನ್ನೋರು ನೀವು. ಕೋಟು ಅವನದೇ, ನಾನೇ ಒಳಗಿನ ಅಸ್ತರು ಹೊಲಿದಿದ್ದು. ಅತ್ತೆ ನೋಡಿದ ಕೂಡ್ಲೇ "ನನ್ನ ಮಗ" ಅಂತ ಎದೆ ಬಡ್ಕೊಂಡ್ರು. ನಾನು ನೋಡ್ದೆ... ಕೋಟಿನ ಗುಂಡಿ ಕತ್ತಿನ ತನಕ ಹಾಕಿತ್ತು. ಕೆಳಗಿಂದ ಮೇಲಿನವರೆಗೆ, ಒಂದೂ ಬಿಡದೆ! "ಇವನು ವಿತ್ಸೆಕ್ ಅಲ್ಲ" ಅಂದೆ. ಬೇರೆಯವರಿಗೆ ಬಾರಿಸಿದೋನು ತಾನೇ ಹಾಕ್ಕೊಳ್ತಾನಾ? ಯಾರದೋ ಹೆಣಕ್ಕೆ ತನ್ನ ಕೋಟು ತೊಡಿಸಿ, ಪೊಲೀಸಿಗೂ ವೈರಿಗಳಿಗೂ ಕೈಕೊಟ್ಟು, ಎಲ್ಲೋ ಉಸಿರಾಡ್ಕೊಂಡು ಇದಾನೆ ಅಂತ ನನ್ನ ಲೆಕ್ಕ. ಊರಿಗೂ ಅಷ್ಟೇ ಬೇಕಿತ್ತು. ಒಬ್ಬ ಕೆನಡಾದಲ್ಲಿ ಕಂಡೆ ಅಂದ, ಗಡ್ಡ ಬಿಟ್ಟಿದಾನಂತೆ. ಇನ್ನೊಬ್ಬ ಮೆಕ್ಸಿಕೋದಲ್ಲಿ ಹೋಟೆಲ್ ಇಟ್ಟಿದಾನೆ ಅಂದ. ಇನ್ನೊಬ್ಬ, ಇಲ್ಲ, ಎದುರು ಗುಂಪಿನೋರೇ ಕಟ್ಟಿ ಮುಳುಗಿಸಿದ್ದು ಅಂದ. ಬಾಯಿಗೆ ಬಂದ ಹಾಗೆ ಅವನನ್ನ ಸಾಯಿಸಿದ್ರು, ಬಾಯಿಗೆ ಬಂದ ಹಾಗೆ ಬದುಕಿಸಿದ್ರು.

ಪಾದ್ರಿಗಳು ಪೇಚಿಗೆ ಸಿಕ್ಕಿದ್ರು. ತಾಯಿ ಹೌದು ಅಂತಾಳೆ, ಹೆಂಡತಿ ಅಲ್ಲ ಅಂತಾಳೆ. "ನೀನು ಒಪ್ಪೋ ತನಕ ಗೋರಿಗೆ ಹೆಸರಿಲ್ಲ ರೊಜಾಲಿಯಾ, ಹೆಸರು ಹಿಡಿದು ಪೂಜೇನೂ ಇಲ್ಲ" ಅಂದ್ರು. ಹೆಸರಿಲ್ಲದ ಶಿಲುಬೆ ನೆಟ್ಟರು. ಅತ್ತೆ ಅವತ್ತಿಂದ ನನ್ನ ಜತೆ ಮಾತು ಬಿಟ್ರು. ಸಾಯೋ ತನಕ ಆಡ್ಲಿಲ್ಲ.

ಈಗ ತೆಯೋಫಿಲ್ ವಿಷ್ಯ. ನಿಮ್ಮಲ್ಲಿ ಅವನ ಬೇಕರಿ ಬ್ರೆಡ್ ತಿನ್ನದೋರು ಯಾರಿದೀರಿ? ಪಕ್ಕದ ಮನೆ. ಹುಬ್ಬಿನ ಮೇಲೆ ಯಾವಾಗ್ಲೂ ಹಿಟ್ಟು. ಓವನ್ ಆರಿಸಿದೀನಾ ಇಲ್ವಾ ಅಂತ ದಾರಿ ಮಧ್ಯ ನಿಂತು ವಾಪಸ್ ಓಡೋ ಮನುಷ್ಯ. ವಿತ್ಸೆಕ್ ಹೋದ ಮೇಲೆ ದಿನಾ ಬೆಳಿಗ್ಗೆ ನನ್ನ ಬಾಗಿಲ ಹಿಡಿಗೆ ಬಿಸಿ ರೊಟ್ಟಿ ಚೀಲ ತಗುಲಿಸಿ ಹೋಗ್ತಿದ್ದ, ಮಾತಿಲ್ಲ ಕತೆಯಿಲ್ಲ. ಅಕ್ಟೋಬರಿನಲ್ಲಿ ಒಂದಿನ ಕೆಂಪಗಾಗಿ ಬಂದು ನಿಂತ. ಹತ್ತಿರದೋರೆಲ್ಲ ನನ್ನ ರೂಜಾ ಅಂತಿದ್ರು, ಅವನೂ ಹಾಗೇ. "ರೂಜಾ, ನೀನು ವಿಧವೆ ಅಂತ ಆದ್ರೆ... ನಾನು ಇದೀನಿ" ಅಂದ. ವಿಧವೆ ಅಂತ ಆದ್ರೆ! ಮದುವೆ ಆಗು ಅಂತ ಕೇಳೋ ರೀತೀನಾ ಅದು? ಆದ್ರೆ ಅವನು ಹೇಳಿದ್ದು ಸರಿಯಾಗೇ ಇತ್ತು. ಗಂಡ ಸತ್ತ ಅಂತ ಗೊತ್ತಾದ್ರೆ ನಾನು ಬೇಕರಿ ಮನೆಗೆ ಹೋಗಿ ಬದುಕ್ಬಹುದು. ಬದುಕಿದಾನೆ ಅಂದ್ರೆ ಕಾಯ್ಬೇಕು. ನನಗೆ ಎರಡೂ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ನರಕ ಪಾದ್ರಿಗಳೂ ಹೇಳಿಕೊಟ್ಟಿಲ್ಲ.

ಆ ವರ್ಷದ ಹಬ್ಬ ಬಂತು. ತೆಯೋಫಿಲ್‌ನೂ ಕಿವಿ ಕೇಳದ ಅವನ ತಾಯೀನೂ ನಮ್ಮನೆಗೇ ಊಟಕ್ಕೆ ಬಂದ್ರು. ಮೇಜಿನ ಬಟ್ಟೆ ಕೆಳಗೆ ಒಣಹುಲ್ಲು, ಬೀಟ್‌ರೂಟ್ ಸಾರು, ಮೀನು, ಗಸಗಸೆ ಹಾಕಿದ ಶಾವಿಗೆ. ಹೀಗೇ ಮಳೆ ಅವತ್ತೂ. ಮೊದಲ ನಕ್ಷತ್ರ ಕಂಡ ಮೇಲೆ ತಾನೇ ಕೂರೋದು, ಮೋಡದಲ್ಲಿ ನಕ್ಷತ್ರ ಎಲ್ಲಿ ಬರ್ಬೇಕು? ಕಿಟಕಿ ಹತ್ರ ನಿಂತು ನಿಂತು ಸಾಕಾಗಿ, ಎಲ್ಲೋ ಹುಟ್ಟಿರುತ್ತೆ ಬಿಡು ಅಂತ ಕೂತ್ವಿ. ಎಲ್ಲರೂ ಅವರವರ ಕುರ್ಚಿಗೆ ಊದಿದ್ವಿ. ಹೆಚ್ಚಿನ ತಟ್ಟೆ ಇಟ್ಟಿದ್ದ ಕುರ್ಚಿ ಇತ್ತಲ್ಲ, ವಿತ್ಸೆಕ್ ಕೂರ್ತಿದ್ದ ಕುರ್ಚಿ... ಅದಕ್ಕೆ ಮಾತ್ರ ನಾನು ಊದ್ಲಿಲ್ಲ. ತೆಯೋಫಿಲ್ ಊದೋಕೆ ಬಗ್ಗಿದ, ಅವನ ತೋಳು ಹಿಡಿದು ನಿಲ್ಲಿಸ್ದೆ. ಊದಿದ್ರೆ ಅವನು ಸತ್ತ ಅಂತ ಒಪ್ಪಿದ ಹಾಗೆ ಅಲ್ವಾ?

ಸಾರು ಬಡಿಸೋ ಹೊತ್ತಿಗೆ ಬಾಗಿಲು ತಟ್ಟಿದ್ರು. ವಿತ್ಸೆಕ್ಕೇ ಬಂದ ಅಂದ್ಕೊಂಡೆ ಕಣ್ರೇ! ಓಡಿಹೋಗಿ ತೆಗೆದ್ರೆ... ಯಾರೋ ಪರದೇಶಿ. ಕಾರ್ಖಾನೆಗಳು ಮುಚ್ಚಿ ಜನ ಬೀದಿಗೆ ಬಿದ್ದ ಕಾಲ ಅದು. ದಕ್ಷಿಣದ ಕಡೆಯಿಂದ ಕೆಲಸ ಹುಡುಕ್ಕೊಂಡು ಬಂದ ಇಂಗ್ಲಿಷಿನೋನು, ನಮ್ಮ ಭಾಷೆ ಒಂದಕ್ಷರ ಬರದೋನು, ಮಳೇಲಿ ನೆನೆದು ತೊಪ್ಪೆ ಆಗಿ, ಕೋಟಿನ ಗುಂಡಿ ಕತ್ತಿನ ತನಕ ಹಾಕ್ಕೊಂಡು ನಡುಗ್ತಾ ನಿಂತಿದ್ದ. ಆ ಸಂಜೆ ಬಂದೋರನ್ನ ವಾಪಸ್ ಕಳಿಸೋ ಹಾಗಿಲ್ಲ, ಅದು ಗೊತ್ತಲ್ಲ. ಕೈ ಹಿಡಿದು ಕರ್ಕೊಂಡು ಬಂದು ಆ ಕುರ್ಚಿ ಮೇಲೆ ಕೂರಿಸ್ದೆ. ಊದ್ದೇನೇ ಕೂರಿಸ್ದೆ.

"ತಣ್ಣಗಿದೆ" ಅಂದ ಅವನು, ಇಂಗ್ಲಿಷಲ್ಲಿ. ನಾನು ಹಬ್ಬದ ತೆಳು ರೊಟ್ಟಿ ಅವನ ಮುಂದೆ ಹಿಡಿದೆ, ಮುರ್ಕೊಳ್ಳಲಿ ಅಂತ. ಅವನ ಕೈ ರೊಟ್ಟಿಗೆ ಬರ್ಲಿಲ್ಲ. ಕತ್ತಿನ ಗುಂಡಿಗೆ ಹೋಯ್ತು. ಬೆರಳು ಕೆರೀತಾ ಇತ್ತು, ಜಾರ್ತಾ ಇತ್ತು, ಬಿಚ್ಚೋಕೆ ಆಗ್ತಿಲ್ಲ. ತುಟಿ ನೀಲಿಗೆ ತಿರುಗ್ತು. ಓವನ್ ಪಕ್ಕ ಕೂತ ಹಾಗಿದ್ದ ಆ ಅಡಿಗೆಮನೇಲಿ ಅವನ ಬಾಯಿಂದ ಹಬೆ ಬರ್ತಿತ್ತು... ಆಮೇಲೆ ತಲೆ ಎತ್ತಿ ನನ್ನ ನೋಡಿ, ನಮ್ಮ ಭಾಷೇಲಿ, ನಮ್ಮ ಬೀದಿಯೋರು ಎಳೆದು ಮಾತಾಡ್ತಾರಲ್ಲ ಹಾಗೇ ಎಳೆದು, "ರೂಜಾ, ಗುಂಡಿ ಬಿಚ್ಚೇ. ಬೆರಳು ಆಡ್ತಿಲ್ಲ" ಅಂದ.

ಯಾರ ಧ್ವನಿ ಅಂತ ನಾನು ಬೇರೆ ಹೇಳ್ಬೇಕಾ?

ತೆಯೋಫಿಲ್‌ನ ಕೈಯಿಂದ ಚಮಚ ಬಿತ್ತು. ಅವನ ತಾಯಿ ಮಾತ್ರ, ಪಾಪ, "ಮೀನಿಗೆ ಉಪ್ಪು ಕಮ್ಮಿ" ಅಂದ್ರು. ನಾನು ಎದ್ದು ಓಡ್ಬೇಕಿತ್ತು, ಅಲ್ವಾ? ಹೆದರ್ಬೇಕಿತ್ತು. ಆಗ್ಲೇ ಮೇಜಿನ ಕೆಳಗಿಂದ ಒಂದು ಕಾಲು ಬಂದು ನನ್ನ ಕಾಲಿಗೆ ಅಂಟ್ಕೊಳ್ತು. ಬರಿಗಾಲು. ಮಂಜಿನ ಥರ. ಆ ಪರದೇಶಿ ಬೂಟು ಹಾಕಿದ್ದ, ಬೂಟಿನ ಸಮೇತ ಅವನ ಎರಡು ಕಾಲೂ ಕುರ್ಚಿ ಪಕ್ಕದಲ್ಲಿ ನನಗೆ ಕಾಣ್ತಿತ್ತು.

ನಾನು ಕಿರುಚ್ಲಿಲ್ಲ. ಕಾಲನ್ನ ಹಿಂದಕ್ಕೂ ತಗೊಳ್ಲಿಲ್ಲ. ಮುಂದಕ್ಕೆ ಬಗ್ಗಿ ಗುಂಡಿ ಬಿಚ್ಚೋಕೆ ಶುರು ಮಾಡ್ದೆ. "ಯಾರೋ ಹಾಕಿದ್ದು ಇದನ್ನ? ಯಾರು ನಿನ್ನ ಕಟ್ಟಿದ್ದು ಹೇಳು" ಅಂದೆ. "ಯಾರೂ ಇಲ್ಲ" ಅಂದ. "ನಾನೇ ಹಾಕ್ಕೊಂಡೆ. ಚಳಿ ಇತ್ತು... ನಮ್ಮನೆ ದೀಪ ಕಾಣಿಸ್ತು ರೂಜಾ. ಬಂದೇಬಿಟ್ಟೆ ಅಂದ್ಕೊಂಡೆ."

ಅಷ್ಟೇ. ಅಷ್ಟೇ ಕಣ್ರಪ್ಪ, ಊರು ಅರವತ್ತು ವರ್ಷದಿಂದ ಜಗಳ ಆಡ್ತಿರೋ ಸಾವು. ಗುಂಡೇಟಿಲ್ಲ, ಮೋಸ ಇಲ್ಲ, ಮೆಕ್ಸಿಕೋ ಇಲ್ಲ. ಮನೆ ಹತ್ರ ಬಂತು ಅಂತ ಒಬ್ಬ ಮನುಷ್ಯ ಕೋಟಿನ ಗುಂಡಿ ಹಾಕ್ಕೊಂಡ.

ಕೊನೇ ಗುಂಡಿ ಬಿಚ್ಚಿದೆ, ಅವನು ಒಂದು ಉಸಿರು ಬಿಟ್ಟ... ಎಷ್ಟೋ ದಿನದಿಂದ ಹಿಡಿದಿದ್ದ ಉಸಿರು. ಕಾಲು ಹೊರಟುಹೋಯ್ತು. ಪರದೇಶಿ ಕಣ್ಣು ಮಿಟುಕಿಸ್ಕೊಂಡು, ಏನಾಯ್ತಮ್ಮಾ ಅಂತ ಇಂಗ್ಲಿಷಲ್ಲಿ ಕೇಳಿ, ವಾರದಿಂದ ಉಪವಾಸ ಇದ್ದೋನ ಹಾಗೆ ತಿಂದು, ಕೈ ಕುಲುಕಿ ಹೋದ. ಎದ್ದ ಮೇಲೆ ನೋಡ್ತೀನಿ, ಕುರ್ಚಿ ಮೇಲೆ ನೀರು. ಮಳೆ ನೀರು ಅಂದ ತೆಯೋಫಿಲ್. ಮೂಸಿ ನೋಡ್ದೆ. ನದಿ.

ಹೊಸ ವರ್ಷ ಆದ್ಮೇಲೆ ಪಾದ್ರಿಗಳು ಸೀಮೆಸುಣ್ಣ ಹಿಡ್ಕೊಂಡು ಮನೆಮನೆಗೆ ಆಶೀರ್ವಾದಕ್ಕೆ ಬರ್ತಾರಲ್ಲ, ಹಾಗೆ ನಮ್ಮನೆಗೂ ಬಂದ್ರು. ಬಾಗಿಲ ಮೇಲೆ ಗುರುತು ಬರೆದು, "ಏನಮ್ಮಾ, ಇನ್ನಾದ್ರೂ ಆ ಗೋರಿಗೆ ಹೆಸರು ಹಾಕೋಣ್ವಾ? ಹೂಂ ಅನ್ನು ಸಾಕು. ಪೂಜೆ ಮಾಡ್ತೀನಿ, ಅವನ ಆತ್ಮಕ್ಕೆ ಶಾಂತಿ ಸಿಗ್ಲಿ. ಈಸ್ಟರ್ ಕಳೀಲಿ, ನಿಮ್ಮಿಬ್ಬರ ಮದುವೆ" ಅಂದ್ರು. ತೆಯೋಫಿಲ್ ಅಲ್ಲೇ ನಿಂತಿದ್ದ, ಹುಬ್ಬಿನ ಮೇಲೆ ಹಿಟ್ಟು. ನನ್ನ ಬಾಯೇ ನೋಡ್ತಿದ್ದ. ಅವನೂ ಕೇಳಿಸ್ಕೊಂಡಿದ್ದನಲ್ಲ, ಎಲ್ಲಾ ಅವನಿಗೂ ಗೊತ್ತಿತ್ತಲ್ಲ.

ನಾನು ಯೋಚ್ನೆ ಮಾಡ್ದೆ. ಹೂಂ ಅಂದ್ರೆ ಪೂಜೆ. ಪೂಜೆ ಆದ್ರೆ ಶಾಂತಿ. ಶಾಂತಿ ಸಿಕ್ಕೋನು ಮತ್ತೆ ಬಂದು ನನ್ನ ಕಾಲಿಗೆ ಕಾಲು ಅಂಟಿಸ್ತಾನಾ? "ಇಲ್ಲ ಫಾದರ್" ಅಂದೆ. "ಆ ಗೋರೀಲಿರೋದು ನನ್ನ ಗಂಡ ಅಲ್ಲ."

ತೆಯೋಫಿಲ್ ಓವನ್ ನೋಡ್ಬೇಕು ಅಂತ ಹೊರಟ. ಮಾರನೇ ದಿನ ಬೆಳಿಗ್ಗೆ ಬಾಗಿಲಿಗೆ ರೊಟ್ಟಿ ಚೀಲ ಇತ್ತು, ಬಿಸಿಯಾಗೇ ಇತ್ತು.

ಮುಂದಿನ ಹಬ್ಬದ ಸಂಜೆ ನಾನು ಊದದೆ ಬಿಟ್ಟ ಕುರ್ಚಿ ನೋಡ್ಕೊಂಡು ಕೂತಿದೀನಿ, ಯಾರೂ ಬಾಗಿಲು ತಟ್ತಿಲ್ಲ. ಬೀದೀಲಿ ನಾಯಿ ಕೂಡ ಇಲ್ಲ. ತೆಯೋಫಿಲ್ ತನ್ನ ಜಾಗದಿಂದ ಎದ್ದು ಹೋಗಿ ಮೊಳೆಗೆ ತಗುಲಿಸಿದ್ದ ಕೋಟು ಹಾಕ್ಕೊಂಡ. ಮನೆಗೆ ಹೊರಟ ಅಂದ್ಕೊಂಡೆ. ಇಲ್ಲ... ಗುಂಡಿ ಹಾಕ್ಕೊಂಡ. ಕೆಳಗಿಂದ ಶುರು ಮಾಡಿ ಕತ್ತಿನ ತನಕ. ಬಂದು ಆ ಕುರ್ಚಿ ಹಿಂದೆ ನಿಂತು, "ಇವತ್ತು ಅತಿಥಿ ಬರೋ ಹಾಗೆ ಕಾಣಲ್ಲ ರೂಜಾ. ನಾನು ಕೂತ್ಕೊಳ್ಲಾ?" ಅಂದ.

ಅವನು ಊದ್ಲಿಲ್ಲ.

ಇದನ್ನ ಯಾರಿಗೂ ಹೇಳಿರ್ಲಿಲ್ಲ ನಾನು. ಐವತ್ತಕ್ಕೂ ಮೇಲೆ ಹಬ್ಬ, ಪ್ರತಿ ಹಬ್ಬಕ್ಕೂ ಆ ಮನುಷ್ಯ ಗುಂಡಿ ಹಾಕ್ಕೊಂಡು ಬಂದು ಆ ಕುರ್ಚಿ ಮೇಲೆ ಕೂತ. ನಾನು ಅವನ ಕೋಟು ಬಿಚ್ಚಿ ನನ್ನ ಗಂಡನ ಜತೆ ಮಾತಾಡ್ದೆ. ಆ ನದಿ ನೀರಿನ ಚಳಿ ಹತ್ತಿ ತೆಯೋಫಿಲ್ ಜನವರಿ ಪೂರ್ತಿ ಕೆಮ್ಮೋನು. ಬೇಕರಿಗೆ ಹೋದ್ರೆ "ಹಿಟ್ಟಿನ ಧೂಳು" ಅಂತ ನಿಮಗೆಲ್ಲ ಹೇಳ್ತಿದ್ದನಲ್ಲ, ಹಿಟ್ಟಲ್ಲ ಅದು. ಮದುವೆ ಆಗ್ಲಿಲ್ಲ. ಬೇರೆಯೋಳನ್ನ ನೋಡ್ಕೋ ಅಂತ ನಾನು ಬೈದ್ರೆ, ಯಾರಿಗೆ ಪುರುಸೊತ್ತಿದೆ ಅನ್ನೋನು.

ಒಂದೊಂದು ವರ್ಷ ನನಗೆ ಅನುಮಾನ ಬರ್ತಿತ್ತು. ಒಂದ್ಸಲ ಆ ಬಾಯಿ, "ಕೂದ್ಲು ಬೆಳ್ಳಗಾಯ್ತಲ್ಲ ರೂಜಾ, ಆದ್ರೂ ನಿನಗೆ ಒಪ್ಪುತ್ತೆ" ಅಂತು. ವಿತ್ಸೆಕ್ ಜನ್ಮದಲ್ಲಿ ಅಂಥ ಮಾತು ಆಡಿದೋನಲ್ಲ. ನಾನು ತಲೆ ಎತ್ತಲಿಲ್ಲ. ಗುಂಡಿ ಬಿಚ್ತಾ ಇದ್ದೆ, ಮೆಲ್ಲಗೆ ಬಿಚ್ದೆ, ಆ ವರ್ಷ ತುಂಬಾ ಮೆಲ್ಲಗೆ...

ಹೋದ ವರ್ಷ ಮಾರ್ಚಿನಲ್ಲಿ ತೆಯೋಫಿಲ್ ಹೋದ. ನೀವೆಲ್ಲ ಬಂದಿದ್ರಿ. ಅವನಿಗೆ ಪೂಜೆ ಮಾಡಿಸ್ದೆ, ಒಂದಲ್ಲ, ತಿಂಗಳಿಗೊಂದು. ವಿತ್ಸೆಕ್‌ಗೆ ಕೊಡದೇ ಇದ್ದ ಶಾಂತೀನೆಲ್ಲ ಇವನಿಗೆ ಕೊಡಿಸ್ದೆ. ಇವನಾದ್ರೂ ಮಲಗ್ಲಿ ಅಂತ. ಹೋದ ಹಬ್ಬಕ್ಕೆ ಒಬ್ಬಳೇ ಇದ್ದೆ. ಟ್ಯಾಕ್ಸಿ ಓಡಿಸೋ ಒಬ್ಬ ಹುಡುಗ, ಯಾವುದೋ ಮರುಭೂಮಿ ದೇಶದೋನು, ವಿಳಾಸ ಕೇಳೋಕೆ ಬಾಗಿಲು ತಟ್ಟಿದ. ಒಳಗೆ ಕರೆದೆ, ಕೂರಿಸ್ದೆ. ಕಾಲು ಮುಂದೆ ಚಾಚಿ ಕಾಯ್ತಾ ಕೂತೆ... ಮೇಜಿನ ಕೆಳಗೆ ಏನೂ ಬರ್ಲಿಲ್ಲ. ಆ ಹುಡುಗ ತಟ್ಟನೆ ಎದ್ದು ನಿಂತ. ನಮ್ಮ ಭಾಷೇಲಿ, ಗಾಬರಿಯಾಗಿ, "ರೂಜಾ, ನಾನು ಓವನ್ ಆರಿಸಿದೀನಾ?" ಅಂದ.

ಕುರ್ಚಿ ಒದ್ದೆ ಇರ್ಲಿಲ್ಲ. ಕೈಯಿಟ್ಟು ನೋಡ್ದೆ, ಬೆಚ್ಚಗಿತ್ತು. ಬೆರಳಿಗೆ ಹಿಟ್ಟು ಹತ್ತಿತು.

ಪೂಜೆ ಆದ್ರೂ ಬರ್ತಾರೆ ಅಂತಾಯ್ತಲ್ಲ. ಬರೋರು ಹೇಗಿದ್ರೂ ಬರ್ತಾರೆ. ಅವತ್ತೇ ನಾನು ಹೂಂ ಅಂದಿದ್ರೂ ವಿತ್ಸೆಕ್ ಬರ್ತಿದ್ದ... ಹಾಗಾದ್ರೆ ನಾನು ಇಷ್ಟು ವರ್ಷ...

*

ಅಜ್ಜಿ ಕೈಯಲ್ಲಿದ್ದ ಕಡುಬಿನ ಅಂಚನ್ನು ಮತ್ತೊಮ್ಮೆ ಒತ್ತಿ ತಟ್ಟೆಗೆ ಇಟ್ಟಳು. ಆಗ ಕರೆಂಟು ಬಂತು. ಬೆಳಕಿನಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಹೂರಣದ ಪಾತ್ರೆಗಳನ್ನು ನೋಡಿದೆವು. ಗೆನ್ಯಾ ಏನೋ ತಮಾಷೆ ಮಾಡಲು ಬಾಯಿ ತೆರೆದವಳು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, ನೀರು ಕುದಿಯಿತೇನೋ ಎಂದು ಒಲೆಯ ಕಡೆಗೆ ಹೋದಳು.

ಕೆಲಸ ಮುಗಿಸಿ ನಾನು ಕೋಟು ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದಾಗ ಅಜ್ಜಿ ಹಿಂದಿನಿಂದ ಬಂದಳು.

"ಹಬ್ಬದ ಸಂಜೆ ಎಲ್ಲಿ ನಿನ್ನ ಊಟ?"

"ಎಲ್ಲೂ ಇಲ್ಲ ಅಜ್ಜಿ. ಅಮ್ಮ ಇಲ್ಲವಲ್ಲ."

"ಹಾಗಾದ್ರೆ ನಮ್ಮನೆಗೆ ಬಾ." ಅವಳು ನನ್ನ ಕೋಟಿನ ಅಂಚು ಹಿಡಿದು ಕೆಳಗಿನ ಗುಂಡಿಯಿಂದ ಶುರುಮಾಡಿದಳು. ಹಿಟ್ಟು ಮೆತ್ತಿದ ಬೆರಳುಗಳು ಒಂದೊಂದನ್ನೇ ಹಾಕುತ್ತಾ ಮೇಲಕ್ಕೆ ಬಂದವು. "ಮೇಜಿನ ಮೇಲೆ ಹೆಚ್ಚಿನ ತಟ್ಟೆ ಇಟ್ಟಿರ್ತೀನಿ, ಆ ಕುರ್ಚಿ ಮೇಲೆ ಕೂತ್ಕೋ. ಈಗ ಅವರು ಇಬ್ಬರು, ಕುರ್ಚಿ ಒಂದು. ಕಾಲು ತಣ್ಣಗಾದ್ರೆ ಹೆದರ್ಬೇಡ, ವಿತ್ಸೆಕ್ ನಿನಗೇನೂ ಮಾಡಲ್ಲ. ಆದ್ರೆ ಕುರ್ಚಿ ಬೆಚ್ಚಗಾಯ್ತು ಅನ್ಸಿದ್ರೆ ಮಾತ್ರ ಏಳ್ಬೇಡ ಕಣಪ್ಪ, ನಿನ್ನ ದಮ್ಮಯ್ಯ, ಸ್ವಲ್ಪ ಹೊತ್ತು ಕೂತಿರು. ತೆಯೋಫಿಲ್‌ಗೆ ನಾನು ಒಂದು ಹೂಂ ಹೇಳ್ಬೇಕು."

ಕತ್ತಿನ ಗುಂಡಿಯನ್ನು ಹಾಕಿ, ಕೋಟನ್ನು ತಟ್ಟಿ ಸರಿಮಾಡಿದಳು. ಮೇಲೆ ಬಾಗಿಲಾಚೆ ಮಳೆ ಸುರಿಯುತ್ತಲೇ ಇತ್ತು.

"ಹೀಗೇ ಬಾ. ಊದ್ಬೇಡ," ಎಂದಳು. "ಯಾರೇ ಬರ್ಲಿ, ಗುಂಡಿ ಬಿಚ್ಚೋದು ನನಗೆ ಬಿಡು."